ಸ್ಟೇಟ್ ಸಿಲಬಸ್ ಮಗಳು, ಸಿಬಿಎಸ್‌ಇ ಓದೋ ತಂಗಿ ಮಗ: ವಂಡರ್‌ಲಾಗೆ ಯಾವ ರಜೆ ಸರಿ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು, ತಂಗಿ ಮನೆ ಬೆಂಗಳೂರಲ್ಲಿ. ಎರಡೂ ಮನೆಯವರು ಸೇರಿ ಒಂದು ದಿನ ಬಿಡದಿ ಹತ್ರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಬೇಕು ಅಂತಿದೀವಿ. ರಜೆ ಹೊಂದಿಸೋದೇ ದೊಡ್ಡ ತಲೆನೋವು.

ಮಗಳು 6ನೇ ಕ್ಲಾಸ್ ಮುಗಿಸ್ತಾ ಇದಾಳೆ, ಸ್ಟೇಟ್ ಸಿಲಬಸ್, ಎತ್ತರ 137 ಸೆಂ.ಮೀ. ಮಗ ಯುಕೆಜಿ, 108. ತಂಗಿ ಮಗ ಸಿಬಿಎಸ್‌ಇ 4ನೇ ಕ್ಲಾಸ್, 131. ಜೊತೆಗೆ ನಮ್ಮತ್ತೆನೂ ಬರ್ತಾರೆ, 66 ವರ್ಷ, ಮಂಡಿ ನೋವಿದೆ.

ಏಪ್ರಿಲ್–ಮೇ, ದಸರಾ ರಜೆ, ಇಲ್ಲಾಂದ್ರೆ ಡಿಸೆಂಬರ್‌ನಲ್ಲಿ ವಾರದ ಮಧ್ಯೆ ಒಂದು ದಿನ ಶಾಲೆ ತಪ್ಪಿಸೋದು. ಇದರಲ್ಲಿ ಯಾವುದು? "ವಾರದ ದಿನ ಖಾಲಿ ಇರುತ್ತೆ, ಯಾವತ್ತಾದ್ರೂ ಹೋಗಿ" ಅಂತ ಎಲ್ಲರೂ ಹೇಳ್ತಾರೆ. ನಿಜವಾ? ಎಂಟು ಜನ ಅಷ್ಟು ದುಡ್ಡು ಕೊಟ್ಟು ಕ್ಯೂನಲ್ಲೇ ದಿನ ಕಳೆಯೋದು ಬೇಡ.

---

ಹಾಜರಿ_ಪುಸ್ತಕ ಉತ್ತರ:

ಮೇಡಂ, ಡಿಸೆಂಬರನ್ನು ಮೊದಲು ಹೊಡೆದುಹಾಕಿ. "ವಾರದ ದಿನ ಖಾಲಿ" ಎನ್ನುವ ಮಾತು ಜೂನ್, ಜುಲೈಗೆ ಸರಿ. ನವೆಂಬರ್‌ನಿಂದ ಜನವರಿವರೆಗೆ ಶಾಲೆಗಳ ಶೈಕ್ಷಣಿಕ ಪ್ರವಾಸದ ಕಾಲ. ಪ್ರವಾಸದ ಬಸ್ಸು ಬರುವುದೇ ವಾರದ ದಿನ, ಏಕೆಂದರೆ ಗುಂಪಿನ ದರ ಆಗ ಕಡಿಮೆ. ನಾಲ್ಕು ಬಸ್ಸಿನ ಮಕ್ಕಳು ಒಂದೇ ರೈಡ್ ಮುಂದೆ ಒಟ್ಟಿಗೆ ನಿಂತರೆ ಭಾನುವಾರವೇ ವಾಸಿ ಅನ್ನಿಸುತ್ತದೆ. ಡಿಸೆಂಬರ್ ಕೊನೇ ವಾರ ಇನ್ನೂ ಕಷ್ಟ: ಸಿಬಿಎಸ್‌ಇ ಶಾಲೆಗಳಿಗೆ ಕ್ರಿಸ್ಮಸ್ ರಜೆ, ಐಟಿ ಕಂಪನಿಯವರಿಗೂ ರಜೆ, ನಿಮ್ಮ ಮಗಳಿಗೆ ಮಾತ್ರ 25ನೇ ತಾರೀಖು ಒಂದೇ ದಿನ. ಸ್ಟೇಟ್ ಸಿಲಬಸ್‌ನಲ್ಲಿ ಕ್ರಿಸ್ಮಸ್ ರಜೆ ಸಿಗುವುದು ದಸರಾ ರಜೆಯಲ್ಲಿ ಕಡಿತ ಮಾಡಿಕೊಂಡು ಹೊಂದಿಸುವ ಕೆಲವು ಕ್ರೈಸ್ತ ಸಂಸ್ಥೆಗಳಲ್ಲಿ ಮಾತ್ರ.

ಈಗ ಎರಡೂ ಶಾಲೆಯ ಕ್ಯಾಲೆಂಡರನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ರಾಜ್ಯದ್ದು ಸುಲಭ, ಶಿಕ್ಷಣ ಇಲಾಖೆ ವರ್ಷದ ಆರಂಭದಲ್ಲೇ ಮಾರ್ಗಸೂಚಿ ಹೊರಡಿಸುತ್ತದೆ. 2025–26ರಲ್ಲಿ ಮೇ 29ಕ್ಕೆ ಶಾಲೆ ಶುರು, ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ದಸರಾ ರಜೆ, ಏಪ್ರಿಲ್ 10ಕ್ಕೆ ವರ್ಷ ಮುಕ್ತಾಯ ಅಂತಿತ್ತು. ಸಿಬಿಎಸ್‌ಇಗೆ ಹೀಗೆ ಒಂದೇ ಪಟ್ಟಿ ಇಲ್ಲ. ಪಕ್ಕಪಕ್ಕದ ಎರಡು ಶಾಲೆಗೂ ಬೇರೆ ಬೇರೆ ರಜೆ ಇರುತ್ತದೆ. ನಿಮ್ಮ ತಂಗಿಗೆ ಹೇಳಿ ಸ್ಕೂಲ್ ಡೈರಿಯ ರಜೆ ಪುಟದ ಫೋಟೋ ತರಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಬೇಸಿಗೆಯಲ್ಲಿ ಇಬ್ಬರಿಗೂ ರಜೆ ಕೂಡಿಬರುತ್ತದೆ, ಆದರೆ ಊರಿನವರಿಗೆಲ್ಲ ಕೂಡಿಬರುತ್ತದೆ. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ಪೂರ್ತಿ ರಜೆ, ತಮಿಳುನಾಡು, ಆಂಧ್ರದವರೂ ಅದೇ ಹೊತ್ತಿಗೆ ಬೆಂಗಳೂರು–ಮೈಸೂರು ಪ್ರವಾಸಕ್ಕೆ ಬರುತ್ತಾರೆ. ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆ ಮುಗಿಸಿದ ಮಕ್ಕಳೂ ಗುಂಪು ಗುಂಪಾಗಿ ಬರುತ್ತಾರೆ.

ಹಾಗಾಗಿ ನಿಮಗೆ ದಸರಾ ರಜೆಯೇ ಸರಿ, ಅದರಲ್ಲೂ ದಿನ ಆರಿಸಿಕೊಳ್ಳಬೇಕು. ರಜೆಯ ದಿನಗಳಿಂದ ಶನಿವಾರ, ಭಾನುವಾರ, ಆಯುಧಪೂಜೆ, ವಿಜಯದಶಮಿ, ಗಾಂಧಿ ಜಯಂತಿ, ವಾಲ್ಮೀಕಿ ಜಯಂತಿ ತೆಗೆಯಿರಿ. ಹಬ್ಬಕ್ಕೆ ಅಂಟಿಕೊಂಡ ಉದ್ದ ವಾರಾಂತ್ಯವನ್ನೂ ತೆಗೆಯಿರಿ, ಮೈಸೂರು ದಸರಾಗೆ ಹೋಗುವವರೆಲ್ಲ ಅದೇ ರಸ್ತೆಯಲ್ಲಿರುತ್ತಾರೆ. 2025ರಲ್ಲಿ ಹೀಗೆ ಜರಡಿ ಹಿಡಿದರೆ ಉಳಿಯುತ್ತಿದ್ದದ್ದು ಸೆಪ್ಟೆಂಬರ್ 22ರಿಂದ ನಾಲ್ಕೈದು ದಿನ, ಹಬ್ಬದ ನಂತರದ ಸೋಮವಾರ, ಅಕ್ಟೋಬರ್ 6. 2024ರಲ್ಲಿ ರಜೆ ಅಕ್ಟೋಬರ್ 3ರಿಂದ 20, ವಿಜಯದಶಮಿ 12ರ ಶನಿವಾರ, ಹಾಗಾಗಿ 14ರಿಂದ 16.

ಈ ದಿನಗಳಲ್ಲಿ ಸಿಬಿಎಸ್‌ಇ ಶಾಲೆ ಕೆಲವು ಕಡೆ ನಡೆಯುತ್ತಿರುತ್ತದೆ. ನಿಮ್ಮ ತಂಗಿ ಮಗ ಒಂದು ದಿನ ರಜೆ ಹಾಕಬೇಕಾಗಬಹುದು. ಅರ್ಧವಾರ್ಷಿಕ ಪರೀಕ್ಷೆ ಹೆಚ್ಚಿನ ಶಾಲೆಗಳಲ್ಲಿ ಸೆಪ್ಟೆಂಬರ್‌ನಲ್ಲಿ ಮುಗಿದಿರುತ್ತದೆ, ಆದ್ದರಿಂದ 4ನೇ ತರಗತಿಯ ಮಗುವಿಗೆ ನಷ್ಟವೇನಿಲ್ಲ. ಪರೀಕ್ಷೆಗೆ ಮುಂಚಿನ ವಾರ ಮಾತ್ರ ಬೇಡ.

ಇನ್ನೊಂದು ವಿಷಯ. ದಸರಾ ತಾರೀಖು ವರ್ಷ ವರ್ಷ ಜರುಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿರುವುದರಿಂದ ಹಬ್ಬ ಅಕ್ಟೋಬರ್ ಮೂರನೇ ವಾರಕ್ಕೆ ಹೋಗುತ್ತದೆ. ಹಳೇ ವರ್ಷದ ತಾರೀಖು ನೋಡಿಕೊಂಡು ರೈಲು ಟಿಕೆಟ್ ಮಾಡಿಸಬೇಡಿ.

---

ಸೋನೆಮಳೆ ಉತ್ತರ:

ಹಾಜರಿ_ಪುಸ್ತಕ ಮೇಷ್ಟ್ರ ಜರಡಿ ಚೆನ್ನಾಗಿದೆ, ಆದರೆ ಅದರಲ್ಲಿ ಮಳೆ ಇಲ್ಲ. ಅವರೇ ಕೊಟ್ಟ 2024ರ ಅಕ್ಟೋಬರ್ 14ರಿಂದ 16 ನೋಡಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬೆಂಗಳೂರಲ್ಲಿ ಸುರಿದ ಮಳೆಗೆ 16ನೇ ತಾರೀಖು ನಗರದಲ್ಲಿ ತೆರೆದಿದ್ದ ಶಾಲೆಗಳಿಗೇ ರಜೆ ಕೊಟ್ಟರು. ಕ್ಯಾಲೆಂಡರ್ ಪ್ರಕಾರ ಬಂಗಾರದಂಥ ದಿನ, ಪಾರ್ಕಿಗೆ ಹೋದವರಿಗೆ ಛತ್ರಿ ಹಿಡಿಯೋ ದಿನ.

ಬೆಂಗಳೂರಲ್ಲಿ ಅತಿ ಹೆಚ್ಚು ಮಳೆ ಬರೋ ತಿಂಗಳು ಸೆಪ್ಟೆಂಬರ್, ಅಕ್ಟೋಬರ್ ಕೂಡ ಹೆಚ್ಚೇನೂ ಹಿಂದಿಲ್ಲ. ಮಲೆನಾಡಿನ ಥರ ದಿನಪೂರ್ತಿ ಹೊಯ್ಯೋ ಮಳೆ ಅಲ್ಲ. ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಜೊತೆ ಹೊಡೆಯುತ್ತೆ. ಹನಿ ಮಳೆಗೆ ನೀರಾಟಕ್ಕೆ ಅಡ್ಡಿ ಇಲ್ಲ, ಹೇಗೂ ಒದ್ದೆಯೇ. ಸಿಡಿಲು ಶುರುವಾದರೆ ಮಾತ್ರ ಎತ್ತರದ ರೈಡ್‌ಗಳನ್ನೂ ನಿಲ್ಲಿಸ್ತಾರೆ, ಕೊಳದಿಂದಲೂ ಎಬ್ಬಿಸ್ತಾರೆ.

ಅದಕ್ಕೆ ಒಂದೇ ದಿನ ಗಟ್ಟಿ ಮಾಡಬೇಡಿ, ಬೆನ್ನುಬೆನ್ನಿಗೆ ಎರಡು ಮೂರು ದಿನ ಖಾಲಿ ಇಟ್ಟುಕೊಂಡು ತಂಗಿ ಮನೆಗೆ ಬನ್ನಿ. ಮುಂಗಡ ಬುಕಿಂಗ್‌ಗೆ ಆಗಾಗ ರಿಯಾಯಿತಿ ಬಿಡ್ತಾರೆ, ಅದರ ಆಸೆಗೆ ತಿಂಗಳ ಮುಂಚೆ ತಾರೀಖು ಕಟ್ಟಿಕೊಳ್ಳಬೇಡಿ. ಎರಡು ದಿನ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಆರೆಂಜ್ ಅಲರ್ಟ್ ಇಲ್ಲ ಅಂದ್ರೆ ಆಗ ಕೊಳ್ಳಿ. ತಾರೀಖು ಬದಲಾಯಿಸೋಕೆ ಏನು ಷರತ್ತು ಅಂತ ದುಡ್ಡು ಕಟ್ಟೋಕೆ ಮುಂಚೆ ಓದಿ, ಕಟ್ಟಿದ ಮೇಲೆ ಅಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೇದು ಜೂನ್ ಎರಡನೇ ಭಾಗದ ಮಂಗಳವಾರ ಅಥವಾ ಬುಧವಾರ. ದಕ್ಷಿಣದ ಎಲ್ಲ ರಾಜ್ಯದ ಶಾಲೆಗಳೂ ಶುರುವಾಗಿರುತ್ತವೆ, ಬಿಸಿಲು ಇಳಿದಿರುತ್ತೆ, ಬೆಂಗಳೂರಲ್ಲಿ ಆಗ ಜಡಿಮಳೆ ಕಡಿಮೆ. ಸ್ಟೇಟ್ ಸಿಲಬಸ್‌ನವರಿಗೆ ಆಗ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನ ಪಾಠ ನೆನಪಿಸೋ ತರಗತಿ, ನಡೀತಿರುತ್ತೆ ಇಲ್ಲಾ ಆಗಷ್ಟೇ ಮುಗಿದಿರುತ್ತೆ, ಹೊಸ ಪಾಠ ಹೆಚ್ಚು ಹೋಗಿರಲ್ಲ. ಒಂದು ರಜಾ ಅರ್ಜಿ ಕೊಟ್ಟರೆ ಮುಗೀತು.

---

ಹಾಜರಿ_ಪುಸ್ತಕ ಉತ್ತರ:

ಮಳೆ ವಿಷಯ ಒಪ್ಪಿದೆ. ಸೇತುಬಂಧದ ಮಾತು ಒಪ್ಪುವುದಿಲ್ಲ. ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ಎರಡೂ ಆ ದಿನಗಳಲ್ಲೇ ನಡೆಯುತ್ತವೆ, ಮಗು ಹಿಂದಿನ ತರಗತಿಯಲ್ಲಿ ಎಲ್ಲಿ ಹಿಂದೆ ಬಿದ್ದಿದೆ ಎನ್ನುವುದು ಅದರಲ್ಲೇ ಗೊತ್ತಾಗುವುದು. ಮೇಲಾಗಿ ಇವರು ಶಿವಮೊಗ್ಗದಿಂದ ಬರಬೇಕು. ಒಂದು ದಿನದ ಪಾರ್ಕಿಗೆ ಶಾಲೆ ತಪ್ಪುವುದು ಮೂರು ದಿನ. ಬೆಂಗಳೂರಿನವರಿಗಾದರೆ ಜೂನ್ ಸರಿ.

ಇನ್ನೊಂದು, ರಜೆ ವಿಸ್ತರಣೆಯನ್ನು ನಂಬಿ ಯಾರೂ ಪ್ಲಾನ್ ಮಾಡಬೇಡಿ. 2025ರಲ್ಲಿ ಶಿಕ್ಷಕರನ್ನು ಜಾತಿ ಸಮೀಕ್ಷೆಗೆ ಹಾಕಿದ್ದ ಕಾರಣಕ್ಕೆ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆದೇಶ ಬಂದದ್ದು ಮೊದಲಿನ ರಜೆ ಮುಗಿಯುವ ಹೊತ್ತಿಗೆ. ಹೀಗೆ ಸಿಕ್ಕ ದಿನಕ್ಕೆ ಸಾಮಾನ್ಯವಾಗಿ ಆಮೇಲೆ ತರಗತಿ ತೆಗೆದುಕೊಂಡು ಸರಿದೂಗಿಸುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ಜಿಲ್ಲಾಧಿಕಾರಿ ಕೊಡುವ ಮಳೆ ರಜೆಯೂ ಅಷ್ಟೆ, ಶನಿವಾರ ಪೂರ್ತಿ ದಿನ ಶಾಲೆ ನಡೆಸಿ ತುಂಬಿಸುವುದುಂಟು. ರಜೆ ಮುಗಿದ ಮೊದಲ ಶನಿವಾರ ಬಿಡುವಿರುತ್ತದೆ ಎಂದು ಕಣ್ಣುಮುಚ್ಚಿ ಬುಕ್ ಮಾಡಬೇಡಿ.

---

ಕೆಂಗೇರಿ_ಗೇಟ್ ಉತ್ತರ:

ಎಲ್ಲರೂ ಶಾಲೆ ಕ್ಯಾಲೆಂಡರ್ ಹಿಡ್ಕೊಂಡಿದೀರ, ಮಗಳ 137 ಯಾರೂ ನೋಡಿಲ್ಲ. ಇವರ ವಿಷಯದಲ್ಲಿ ತಾರೀಖು ತೀರ್ಮಾನ ಆಗಬೇಕಾದ್ದೇ ಅದರ ಮೇಲೆ.

ಅಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ದರ. ರಿಕಾಯಿಲ್ ಥರದ ದೊಡ್ಡ ರೈಡ್‌ಗಳಲ್ಲಿ ಹಲವಕ್ಕೆ 140 ಆಗಿರಲೇಬೇಕು. ಅಂದರೆ ಏಪ್ರಿಲ್‌ನಲ್ಲಿ ಹೋದರೆ ಮಗಳಿಗೆ ಟಿಕೆಟ್ ಕಮ್ಮಿಯಲ್ಲಿ ಆಗುತ್ತೆ, ಆದರೆ ಅವಳು ಹೋಗಬೇಕು ಅಂತ ಆಸೆಪಡೋ ರೈಡ್‌ಗಳ ಬಾಗಿಲಲ್ಲೇ ಅಳತೆ ಕೋಲು ಹಿಡಿದು ವಾಪಸ್ ಕಳಿಸ್ತಾರೆ. 6ನೇ ಕ್ಲಾಸ್ ಹುಡುಗಿ ಬೇಬಿ ರೈಡ್ ಹತ್ತಲ್ಲ, ದೊಡ್ಡದು ಹತ್ತೋಕೆ ಬಿಡಲ್ಲ. ದಿನಪೂರ್ತಿ ಮುಖ ಊದಿಸ್ಕೊಂಡಿರ್ತಾಳೆ.

ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೀತಾರೆ, ಹೆಣ್ಣುಮಕ್ಕಳು 10–12ರಲ್ಲಿ ಇನ್ನೂ ಬೇಗ. ಈಗ 137 ಇದ್ದರೆ ಅಕ್ಟೋಬರ್ ಹೊತ್ತಿಗೆ 140 ದಾಟೋ ಸಾಧ್ಯತೆ ಚೆನ್ನಾಗಿದೆ. ದಸರಾಗೆ ಕಾಯೋಕೆ ಇದೇ ದೊಡ್ಡ ಕಾರಣ.

ಎತ್ತರ ಮನೇಲೇ ಸರಿಯಾಗಿ ಅಳೀರಿ. ಬರಿಗಾಲಲ್ಲಿ ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ಜುಟ್ಟು ಬಿಚ್ಚಿ, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನ ಗೋಡೆಗೆ ಲಂಬವಾಗಿ ಒತ್ತಿ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಟೇಪ್ ಹಿಡೀರಿ. ಬೆಳಗ್ಗೆ ಎದ್ದಾಗಿನ ಎತ್ತರಕ್ಕೂ ಸಂಜೆ ಎತ್ತರಕ್ಕೂ ಸುಮಾರು ಒಂದು ಸೆಂ.ಮೀ. ವ್ಯತ್ಯಾಸ ಬರುತ್ತೆ, ಅದಕ್ಕೆ ಸಂಜೆಯ ಅಳತೆಯನ್ನೇ ಲೆಕ್ಕಕ್ಕೆ ತಗೊಳ್ಳಿ. ಸಂಜೆ 140.5 ಇದ್ದರೆ ಧೈರ್ಯವಾಗಿ ಹೋಗಿ. ಶಾಲೆ ಪ್ರಗತಿ ಪತ್ರದಲ್ಲಿ ಬರೆದಿರೋ ಎತ್ತರ ಲೆಕ್ಕಕ್ಕಿಲ್ಲ, ಯಾವತ್ತೋ ಶೂ ಸಮೇತ ಅಳೆದಿರ್ತಾರೆ.

ಉದ್ದ ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಎಲ್ಲರಿಗೂ ಕೊಳ್ಳಬೇಡಿ. ಅದು ಆಯ್ದ ಕೆಲವು ರೈಡ್‌ಗೆ ಮಾತ್ರ. 108ರ ಮಗುವಿಗೂ ಅತ್ತೆಯವರಿಗೂ ಕೊಂಡರೆ ದುಡ್ಡು ದಂಡ. ಮೇಷ್ಟ್ರು ಹೇಳಿದ ದಿನಗಳಲ್ಲಿ ಹೋದರೆ ಯಾರಿಗೂ ಬೇಕಾಗಲ್ಲ.

ದಿನದ ಕ್ರಮ ಹೀಗಿರಲಿ. ಪಾರ್ಕ್ ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆಗೀತಾರೆ, ವಾರದ ದಿನ ಸಂಜೆ 6ರವರೆಗೆ. ನೀರಿನ ರೈಡ್‌ಗಳು ಮಧ್ಯಾಹ್ನ ಶುರುವಾಗಿ 5ರ ಸುಮಾರಿಗೇ ಮುಚ್ಚುತ್ತವೆ, ಆ ದಿನದ ಸಮಯ ಬೆಳಗ್ಗೆ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಮೊದಲ ಗಂಟೆ ಒಣ ರೈಡ್, ಅದರಲ್ಲೂ ಎತ್ತರದವು, ಯಾಕಂದ್ರೆ ಆಗ ಕ್ಯೂನೂ ಇರಲ್ಲ, ಸಿಡಿಲೂ ಇರಲ್ಲ. ಹನ್ನೆರಡೂಕಾಲಿಗೇ ಊಟಕ್ಕೆ ಕೂತುಬಿಡಿ, ಒಂದೂವರೆಗೆ ಹೋದರೆ ಟ್ರೇ ಹಿಡಿದು ಜಾಗ ಹುಡುಕಬೇಕು. ಊಟ ಆದ ಮೇಲೆ ನೀರು, ನಾಲ್ಕೂಕಾಲಿಗೆ ಎದ್ದು ಬಟ್ಟೆ ಬದಲಾಯಿಸಿ. ಐದಕ್ಕೆ ಎಲ್ಲರೂ ಒಟ್ಟಿಗೆ ಎದ್ದು ಬರ್ತಾರೆ, ಆಗ ಬಟ್ಟೆ ಬದಲಾಯಿಸೋ ಕೋಣೆ, ಲಾಕರ್ ಹತ್ತಿರ ನಿಲ್ಲೋಕೂ ಜಾಗ ಇರಲ್ಲ.

ಬಿಡದಿ ತಟ್ಟೆ ಇಡ್ಲಿ ತಿನ್ನೋದಿದ್ರೆ ಒಂಬತ್ತೂವರೆಗೆ ಮುಗಿಸಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೇಲಿಟ್ಕೊಂಡು 11ಕ್ಕೆ ಸುತ್ತೋ ರೈಡ್ ಹತ್ತಿದರೆ ವಾಂತಿ ಗ್ಯಾರಂಟಿ. ಒಂದು ಎಚ್ಚರಿಕೆ: ವಂಡರ್‌ಲಾ ಬಿಡದಿ ಪೇಟೆಗಿಂತ ಮೊದಲೇ, ಹೆಜ್ಜಾಲದ ಕಡೆ ಸಿಗುತ್ತೆ. ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಹೋಗೋರು ಸರ್ವಿಸ್ ರಸ್ತೆಗೆ ಇಳಿಯೋ ಜಾಗ ತಪ್ಪಿಸಿಕೊಂಡರೆ ಸುಮ್ಮನೆ ಮುಂದೆ ಹೋಗಿ ತಿರುಗಿ ಬರಬೇಕು. ಆಟೋದಲ್ಲಿ ಬರೋದಾದರೆ ಸರ್ವಿಸ್ ರಸ್ತೆಯೇ ಗತಿ, 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕ್, ಆಟೋ ಬಿಡಲ್ಲ.

---

ತುಂಗಾತೀರ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎತ್ತರದ ವಿಷಯ ನನ್ನ ತಲೇಲೇ ಇರಲಿಲ್ಲ, ಹಾಗಾದ್ರೆ ದಸರಾಗೇ ನೋಡ್ತೀವಿ. ಇನ್ನೆರಡು ಪ್ರಶ್ನೆ. ಅತ್ತೆ ಸೀರೆ ಬಿಟ್ಟು ಬೇರೆ ಉಡಲ್ಲ, ಅವರಿಗೆ ಅಲ್ಲಿ ಏನಿದೆ? ಮತ್ತೆ ನಾವು ಹೆಂಗಸರು ಚೂಡಿದಾರ್‌ನಲ್ಲಿ ನೀರಿಗೆ ಇಳಿಬಹುದಾ?

---

ನಾಲ್ಕು_ಜೊತೆ_ಬಟ್ಟೆ ಉತ್ತರ:

ಇಲ್ಲಾ ರೀ, ಚೂಡಿದಾರ್, ಸೀರೆ, ಜೀನ್ಸ್, ಹತ್ತಿ ಟೀ ಶರ್ಟ್ ಯಾವುದನ್ನೂ ಕೊಳಕ್ಕೆ ಬಿಡಲ್ಲ. ನೈಲಾನ್, ಲೈಕ್ರಾ, ಪಾಲಿಯೆಸ್ಟರ್ ಬೇಕು. ಹಟಕ್ಕೆ ಮಾಡಿದ ನಿಯಮ ಅಲ್ಲ ಅದು. ಹತ್ತಿ ನೀರು ಹೀರಿ ಭಾರ ಆಗುತ್ತೆ, ನೂಲು ಬಿಟ್ಟು ಫಿಲ್ಟರ್‌ಗೆ ಹೋಗುತ್ತೆ, ದುಪಟ್ಟಾ, ಲಾಡಿ ಜಾರುಬಂಡೆಯಲ್ಲಿ ಸಿಕ್ಕಿಹಾಕಿಕೊಂಡರೆ ಅಪಾಯ. ಒಳಗಡೆ ಅಂಗಡೀಲಿ ಸಿಗುತ್ತೆ, ಆದರೆ ಬೇಕಾದ ಅಳತೆ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಪೂರ್ತಿ ತೋಳಿನ ಟೀ ಶರ್ಟ್, ಮಂಡಿ ಕೆಳಗಿನವರೆಗಿನ ಲೆಗ್ಗಿಂಗ್ ಇರೋ ಈಜುಡುಗೆಯನ್ನ ಊರಲ್ಲೇ ಸ್ಪೋರ್ಟ್ಸ್ ಅಂಗಡೀಲಿ ಕೊಳ್ಳಿ. ಲೇಬಲ್ ಓದಿ, "ಕಾಟನ್ ಮಿಕ್ಸ್" ಅಂತಿದ್ದರೆ ಬಿಡಿ. ಮೈಯೆಲ್ಲ ಮುಚ್ಚುತ್ತೆ, ಸಂಕೋಚ ಆಗಲ್ಲ, ಬಿಸಿಲಿಗೂ ಒಳ್ಳೇದು.

ಅತ್ತೆಯವರಿಗೆ ಆಧಾರ್ ಕಾರ್ಡ್ ತಗೊಂಡು ಹೋಗಿ, 60 ದಾಟಿದವರಿಗೆ ಬೇರೆ ದರ ಇದೆ. ಸೀರೇಲಿ ನೀರಿಗೆ ಇಳಿಯೋ ಹಾಗಿಲ್ಲ, ಸೌಮ್ಯವಾದ ಒಣ ರೈಡ್‌ಗಳಲ್ಲಿ ಕೂರಬಹುದು. ಗೋಪುರದ ಮೇಲಿರೋ ಸ್ಕೈ ವೀಲ್ ಅವರಿಗೆ ಹಿಡಿಸುತ್ತೆ. ಆದರೆ ಪಾರ್ಕ್ 82 ಎಕರೆ ಇದೆ, ಮಂಡಿ ನೋವಿನವರನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಸಲ ನಡೆಸಬೇಡಿ. ಚಿಕ್ಕ ಮಕ್ಕಳ ಕೊಳದ ಹತ್ತಿರ ನೆರಳಲ್ಲಿ ಕೂರಿಸಿ, ಯುಕೆಜಿ ಮಗುನೂ ಅಲ್ಲೇ ಆಡುತ್ತೆ. ಹಾಗಂತ ಮಗುವನ್ನ ಅವರ ಮೇಲೆ ಬಿಟ್ಟು ಹೋಗಬೇಡಿ, ನೀರಿನ ಹತ್ತಿರ ಒಬ್ಬ ದೊಡ್ಡವರು ಮಗುವಿಗೆ ಕೈ ಎಟಕೋ ದೂರದಲ್ಲೇ ಇರಬೇಕು, ಅವರೂ ಈಜುಡುಗೆ ಹಾಕಿರಬೇಕು.

ಇದೇ ಕಾರಣಕ್ಕೆ ಬೆಳಗ್ಗೆನೇ ಎರಡು ಗುಂಪು ಮಾಡ್ಕೊಳ್ಳಿ. ಮಗಳ ಜೊತೆ ದೊಡ್ಡ ರೈಡ್‌ಗೆ ಒಬ್ಬರು, 131, 108ರ ಜೊತೆ ಇಬ್ಬರು, ಗಂಟೆಗೊಂದು ಸಲ ಅದಲು ಬದಲು. ಫೋನು ಲಾಕರಲ್ಲಿರುತ್ತೆ, "ಕಾಲ್ ಮಾಡ್ತೀನಿ" ಅನ್ನೋದು ನಡೆಯಲ್ಲ. ಜಾಗ, ಗಂಟೆ ಎರಡೂ ಮೊದಲೇ ಹೇಳ್ಕೊಳ್ಳಿ, ಗುಂಪಿಗೊಬ್ಬರ ಕೈಯಲ್ಲಿ ನೀರಿಗೆ ಕೆಡದ ವಾಚ್ ಇರಲಿ. ಮಗಳಿಗೆ ಕನ್ನಡಕ ಇದ್ದರೆ ಹಿಂದಕ್ಕೆ ಕಟ್ಟೋ ಪಟ್ಟಿ ಬೇಕು, ದೊಡ್ಡ ರೈಡಲ್ಲಿ ಅದನ್ನೂ ತೆಗೆಸ್ತಾರೆ, ಡಬ್ಬಿ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳ ಮುಟ್ಟಿನ ತಾರೀಖನ್ನೂ ಆ ರಜೆ ಕ್ಯಾಲೆಂಡರ್ ಹಾಳೇಲಿ ಬರೀರಿ. ಮೇಷ್ಟ್ರು ಹೇಳಲಿಲ್ಲ, ನಾನು ಹೇಳ್ತೀನಿ. ಸೋನೆಮಳೆ ಅವರು ಹೇಳಿದ ಹಾಗೆ ಎರಡು ಮೂರು ದಿನ ಖಾಲಿ ಇಟ್ಕೊಂಡ್ರೆ ಇದಕ್ಕೂ ಅನುಕೂಲ.

---

ಹಾಜರಿ_ಪುಸ್ತಕ ಉತ್ತರ:

ರೈಲಿನ ಬಗ್ಗೆ ಒಂದು ಮಾತು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಅಕ್ಟೋಬರ್ ಮೂರನೇ ವಾರಕ್ಕೆ ಆಗಸ್ಟ್ ಮೂರನೇ ವಾರದಲ್ಲಿ ಬುಕಿಂಗ್ ತೆರೆಯುತ್ತದೆ, ದಸರಾ ಸೀಟು ತೆರೆದ ದಿನ ಬೆಳಗ್ಗೆ 8ಕ್ಕೇ ಕೂತು ಮಾಡಬೇಕು. ಶಿವಮೊಗ್ಗದಿಂದ ಹಬ್ಬ ಮುಗಿದ ಮರುದಿನ ಹೊರಡುವುದಕ್ಕಿಂತ ಅದರ ನಂತರದ ದಿನ ಹೊರಡಿ, ಹಬ್ಬಕ್ಕೆ ಊರಿಗೆ ಬಂದವರೆಲ್ಲ ಮೊದಲ ದಿನವೇ ಬೆಂಗಳೂರಿಗೆ ವಾಪಸ್ ಹೊರಡುತ್ತಾರೆ. ವಾಪಸ್ ಟಿಕೆಟನ್ನು ಪಾರ್ಕಿಗೆ ಹೋದ ದಿನ ರಾತ್ರಿಗೆ ಮಾಡಬೇಡಿ. ಸಂಜೆ 6ಕ್ಕೆ ಪಾರ್ಕ್ ಬಿಟ್ಟು, ಕೆಂಗೇರಿ ದಾಟಿ, ತಂಗಿ ಮನೆಯಿಂದ ಲಗೇಜ್ ತೆಗೆದುಕೊಂಡು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿರಲೂಬಹುದು. ಮರುದಿನ ಮಧ್ಯಾಹ್ನದ್ದು ಮಾಡಿ. ಶಾಲೆ ಶುರುವಾಗುವ ಹಿಂದಿನ ದಿನವಾದರೂ ಮನೆಯಲ್ಲಿರಿ, ದಸರಾ ರಜೆಯ ಮನೆಪಾಠ ಯಾವ ಮಗುವೂ ಅಲ್ಲಿಯವರೆಗೆ ಮುಟ್ಟಿರುವುದಿಲ್ಲ.